ಅಪ್ಪ ಹೋಗ್ಯಾರ

ನಮ್ಮಪ್ಪ ರಾಮಲಿಂಗಪ್ಪ ಹನ್ನೊಂದು ತಿಂಗಳು ಸತ್ತಿದ್ದ. ಅದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ನಡುವೆ ಒಮ್ಮೆ ಎಳ್ಳಮಾಸಿ ಹಬ್ಬಕ್ಕೆ ಜಾಲಹಳ್ಳಿಗೆ ಬಂದು, ಸಜ್ಜೆ ಕಡುಬು, ಭಜ್ಜಿಪಲ್ಲೆ ಹೊಟ್ಟೆ ತುಂಬ ಉಂಡು, ನನಗೊಂದು ಜೊತೆ ಚಪ್ಪಲಿ ಕೊಡಿಸಿ, ಮತ್ತೆ ಹೈದರಾಬಾದಿನ ಬಸ್ಸು ಹತ್ತಿದ್ದ. ಸತ್ತವನಾದರೂ ಹಸಿವೆಗೇನೂ ಕಡಿಮೆ ಇರಲಿಲ್ಲ. ಅವನನ್ನು ಸಾಯಿಸಿದ್ದು ನಾನೇ, ಒಂದೇ ಒಂದು ಮಾತಿನಿಂದ. ಹೇಗೆಂದು ಹೇಳುತ್ತೇನೆ.

ನನ್ನ ಹೆಸರು ಮೌನೇಶ್ವರಿ. ಹಾಜರಿ ಕರೆಯುವಾಗ ನನ್ನ ಹೆಸರು ಬಂದರೆ ಮೇಷ್ಟರುಗಳಿಗೆ ನಗು ಬರುತ್ತಿತ್ತು. ಐದು ನಿಮಿಷ ಬಾಯಿ ಮುಚ್ಚಿಕೊಂಡು ಕೂತ ದಾಖಲೆ ನನ್ನದಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದು ತಾಯಿಯ ಕಡೆಯಿಂದ ಬಂದ ಆಸ್ತಿ. ನಮ್ಮವ್ವನ ಹೆಸರು ಮೂಕಮ್ಮ. ಆಕೆ ಬಾಯಿ ಬಿಟ್ಟರೆ ಓಣಿಯ ಕೊನೆಯ ಮನೆಯವರೂ ಕೆಲಸ ನಿಲ್ಲಿಸಿ ಕೇಳುತ್ತಾರೆ. ಹೆಸರಿಡುವಾಗ ನಮ್ಮ ಮನೆತನದವರು ಏನು ಆಸೆಪಟ್ಟಿದ್ದರೋ, ಅದು ಈಡೇರಲಿಲ್ಲ.

ಪಿಯುಸಿಯನ್ನು ದೇವದುರ್ಗದಲ್ಲಿ ಮುಗಿಸಿದೆ. ಎಂಬತ್ತೆಂಟು ಪರ್ಸೆಂಟ್ ಬಂತು. ಓದಿದರೆ ಕೆಮಿಸ್ಟ್ರಿಯನ್ನೇ ಓದಬೇಕು, ಅದೂ ರಾಯಚೂರಿನಲ್ಲಿ ಬಿ.ಎಸ್ಸಿ. ಮಾಡಬೇಕು ಎಂದು ಹಟ ಹಿಡಿದೆ. ಜಾಲಹಳ್ಳಿಯಿಂದ ದಿನಾ ಹೋಗಿಬರುವ ಮಾತಿಲ್ಲ. ಮೊದಲ ಬಸ್ಸು ಹತ್ತಿದರೂ ಬೆಳಗಿನ ಪ್ರಾಕ್ಟಿಕಲ್ ಅರ್ಧ ಮುಗಿದಿರುತ್ತದೆ. ಅಲ್ಲೇ ಹಾಸ್ಟೆಲಿನಲ್ಲಿರಬೇಕು. ಫೀ, ಹಾಸ್ಟೆಲ್ಲು, ಮೆಸ್ಸು ಎಲ್ಲ ಸೇರಿದರೆ ಅಪ್ಪ ಹೈದರಾಬಾದಿನಲ್ಲಿ ಕಟ್ಟಡದ ಕೆಲಸ ಮಾಡಿ ಕಳಿಸುವುದೆಲ್ಲ ನನಗೊಬ್ಬಳಿಗೇ ಬೇಕಾಗುತ್ತಿತ್ತು. ನೆರವು ಸಿಕ್ಕರೆ ಓದು, ಇಲ್ಲದಿದ್ದರೆ ಅವ್ವನ ಜೊತೆ ಹತ್ತಿ ಹೊಲದಲ್ಲಿ ಕಳೆ ತೆಗೆಯುವುದು. ನಡುವೆ ಮೂರನೇ ದಾರಿ ಇರಲಿಲ್ಲ.

ರಾಯಚೂರಿನಲ್ಲಿ ನಮ್ಮ ಕಾಲೇಜಿನ ರಸ್ತೆಯಲ್ಲಿ ಅನ್ವರಿ ಬೇಗಂ ಎಂಬವರ ಚಿಕ್ಕ ಅಂಗಡಿ ಇದೆ. ಝೆರಾಕ್ಸ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ ಎಲ್ಲ ಅಲ್ಲೇ. ಐವತ್ತರ ಆಸುಪಾಸಿನ ಹೆಂಗಸು, ದಪ್ಪ ಕನ್ನಡಕ, ಎರಡೇ ಬೆರಳಿನಲ್ಲಿ ಟೈಪ್ ಮಾಡಿದರೂ ವೇಗ ವಿಪರೀತ. ಅಡ್ಮಿಶನ್ ಆದ ದಿನ ನಾನೊಬ್ಬಳೇ ಅಲ್ಲಿಗೆ ಹೋದೆ. ಅವ್ವ ಕೂಲಿ ಬಿಟ್ಟು ಬರುವ ಹಾಗಿರಲಿಲ್ಲ. ಸ್ಕಾಲರ್‌ಶಿಪ್ ಅರ್ಜಿ ಹಾಕಬೇಕು ಎಂದೆ. ಅವರು ಊರು, ಅಂಕ, ಜಾತಿ ಎಲ್ಲ ಕೇಳುತ್ತ ಟೈಪಿಸಿದರು. ಆಮೇಲೆ ಕೇಳಿದರು:

“ಮನ್ಯಾಗ ಯಾರ್ಯಾರು ಅದೀರಿ, ಬೇಟಿ?”

“ನಾನು, ನಮ್ಮವ್ವ ಇಬ್ಬರೇ ಅದೀವ್ರಿ. ಅಪ್ಪ ಹೋಗ್ಯಾರ.”

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮೂರಲ್ಲಿ ಉಗಾದಿ ಮುಗಿದರೆ ಅರ್ಧ ಊರು ಹೋಗಿರುತ್ತದೆ. ಬಾಗಿಲಿಗೆ ಬೀಗ ಬಿದ್ದ ಮನೆಯವರು ಎಲ್ಲಿ ಎಂದು ಕೇಳಿದರೆ ಪಕ್ಕದವರು ‘ಹೋಗ್ಯಾರ’ ಎನ್ನುತ್ತಾರೆ. ದುಡಿಯಲು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಹೈದರಾಬಾದು, ಪುಣೆ, ಎಲ್ಲಾದರೊಂದು ಕಡೆ. ಸತ್ತವರಿಗೆ ನಾವು ‘ತೀರಿಕೊಂಡರು’ ಎಂಬ ಬೇರೆಯ ಮಾತನ್ನೇ ಇಟ್ಟುಕೊಂಡಿದ್ದೇವೆ. ಮನೆಯಲ್ಲಾದರೆ ನಾನು ‘ಅಪ್ಪ ಹೋಗ್ಯಾನ’ ಎನ್ನುತ್ತಿದ್ದೆ. ಪಟ್ಟಣ, ಹೊಸ ಮನುಷ್ಯರು, ಅಪ್ಪನಿಗೆ ಮರ್ಯಾದೆ ಕೊಡೋಣ ಎಂದು ‘ಹೋಗ್ಯಾರ’ ಅಂದೆ. ಆ ಮರ್ಯಾದೆಯೇ ಅವನನ್ನು ಮುಗಿಸಿತು.

ಅನ್ವರಿ ಬೇಗಂ ಅವರ ಎರಡೂ ಬೆರಳು ಕೀಬೋರ್ಡಿನ ಮೇಲೆ ನಿಂತವು. ಯಾವಾಗ ಎಂದು ಕೇಳಿದರು. ಉಗಾದಿಯಾದ ಮೂರನೇ ದಿನ ಎಂದೆ. ಒಮ್ಮಿಂದೊಮ್ಮೆಲೇ ಏನು ಎಂದರು. ಹೌದು, ಮುಂಜಾನೆ ಮನೆಯಲ್ಲೇ ಇದ್ದರು, ಸಂಜೆಗೆ ಹೋಗಿಯೇಬಿಟ್ಟರು, ಯಾರಿಗೂ ಹೇಳಲು ಕೂಡ ಸಮಯ ಸಿಗಲಿಲ್ಲ ಎಂದೆ. ಮೇಸ್ತ್ರಿಯ ಫೋನು ಬಂದದ್ದು ಮಧ್ಯಾಹ್ನ, ಬಸ್ಸು ಇದ್ದದ್ದು ಸಂಜೆ. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆಕೆ ಎದ್ದು ನನ್ನ ತಲೆಯ ಮೇಲೆ ಕೈಯಿಟ್ಟರು. ಎದುರಿನ ಹೋಟೆಲಿನಿಂದ ಚಹಾ ತರಿಸಿದರು. ಅರ್ಜಿಯ ದುಡ್ಡನ್ನೂ ಮುಟ್ಟಲಿಲ್ಲ. ರಾಯಚೂರಿನ ಜನ ಇಷ್ಟು ಒಳ್ಳೆಯವರೇ ಎಂದು ನನಗೆ ಬೆರಗಾಯಿತು.

ಸರಕಾರದ ಸ್ಕಾಲರ್‌ಶಿಪ್ ಬೇಡ, ಅದಕ್ಕಿಂತ ದೊಡ್ಡದೊಂದಿದೆ, ನಿನ್ನಂಥವರಿಗೆಂದೇ ಇದೆ ಎಂದು ಅವರು ಬೇರೊಂದು ಫಾರ್ಮು ತೆಗೆದರು. ಮಾನ್ವಿಯ ಅಕ್ಕಿ ವ್ಯಾಪಾರಿ ಗುಲಾಮ್ ದಸ್ತಗೀರ್ ಎಂಬವರು ನಡೆಸುವ ನಿಧಿ. ಫೀ, ಹಾಸ್ಟೆಲ್ಲು, ಮೆಸ್ಸು ಮೂರನ್ನೂ ನೋಡಿಕೊಳ್ಳುತ್ತದೆ. ಅದನ್ನು ಪಡೆದವರು ಬೇರೆ ಯಾವ ನೆರವನ್ನೂ ಪಡೆಯುವಂತಿಲ್ಲ. ‘ನಿನ್ನಂಥವರು’ ಅಂದರೆ ಬಡವರು ಎಂದು ನಾನು ತಿಳಿದೆ. ಫಾರ್ಮು ಪೂರ್ತಿ ಇಂಗ್ಲಿಷಿನಲ್ಲಿತ್ತು. ಎಂಬತ್ತೆಂಟು ಪರ್ಸೆಂಟ್ ತೆಗೆದ ಜಾಣೆ ನಾನು, ಓದದೆ ಸಹಿ ಹಾಕಿದೆ. ಆ ಸಹಿಗೆ ಬೇರೆ ಯಾರನ್ನೂ ಬೈಯುವಂತಿಲ್ಲ.

ಹತ್ತು ದಿನಕ್ಕೆ ಮಾನ್ವಿಯಿಂದ ಫೋನು ಬಂತು. ಗುಲಾಮ್ ದಸ್ತಗೀರ್ ಅವರೇ ಮಾತಾಡಿದರು. ವಯಸ್ಸಾದ, ಮೆತ್ತಗಿನ ದನಿ. ಅಪ್ಪ ಇಲ್ಲದೆ ಮನೆ ನಡೆಸುವುದು ಕಷ್ಟವಲ್ಲವೇ ಎಂದು ಕೇಳಿದರು. ಕಷ್ಟವೇ, ಆದರೆ ನಮ್ಮೂರಲ್ಲಿ ಎಲ್ಲರ ಮನೆಯಲ್ಲೂ ಹಾಗೇ ಇದೆ, ನಮಗೆ ರೂಢಿಯಾಗಿದೆ ಎಂದೆ. ಜಾಲಹಳ್ಳಿಗೆ ಯಾವುದೋ ಜಡ್ಡು ಬಂದು ಗಂಡಸರೆಲ್ಲ ಸತ್ತಿದ್ದಾರೆಂದು ತಾನು ಅವತ್ತು ತಿಳಿದಿದ್ದಾಗಿ ಅವರು ನನಗೆ ಆಮೇಲೆ ಹೇಳಿದರು. ವಾರದೊಳಗೆ ನೆರವು ಮಂಜೂರಾದ ಪತ್ರ ಬಂತು.

ನೆರವು ಪಡೆಯುವುದು ಒಂದು ಕೆಲಸ, ಉಳಿಸಿಕೊಳ್ಳುವುದು ಇನ್ನೊಂದು. ಪತ್ರದ ಹಿಂದೆ ಷರತ್ತುಗಳಿದ್ದವು. ಪ್ರತಿ ವಿಷಯದಲ್ಲೂ ಹಾಜರಿ ಎಪ್ಪತ್ತೈದಕ್ಕಿಂತ ಕಡಿಮೆ ಇರಬಾರದು. ಒಂದು ಪೇಪರೂ ಬಾಕಿ ಉಳಿಯಬಾರದು. ಮೊದಲ ವರ್ಷ ನಮ್ಮ ಮಾತನ್ನೇ ನಂಬುತ್ತಾರೆ, ಎರಡನೇ ವರ್ಷ ನವೀಕರಣದ ವೇಳೆ ದಾಖಲೆಗಳನ್ನು ಕೊಡಬೇಕು. ಹಾಜರಿಯ ಷರತ್ತು ಓದಿ ನಾನು ಹೆದರಿದೆ. ದಾಖಲೆಯ ಷರತ್ತನ್ನು ಓದಿ ಏನೂ ಅನಿಸಲಿಲ್ಲ.

ಆ ವರ್ಷ ನಾನು ಓದಿದ ಹಾಗೆ ಮತ್ತೆಂದೂ ಓದಿಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ಎರಡು ದಿನಕ್ಕೆಂದು ಊರಿಗೆ ಹೋದರೆ ಅವ್ವ ಒಂದೇ ದಿನಕ್ಕೆ ಬಸ್ಸು ಹತ್ತಿಸುತ್ತಿದ್ದಳು. ಜನವರಿಯಲ್ಲಿ ಜ್ವರ ಬಂದು ಎಂಟು ದಿನ ಮಲಗಿದೆ. ಕೆಮಿಸ್ಟ್ರಿ ಪ್ರಾಕ್ಟಿಕಲಿನ ಹಾಜರಿ ಎಪ್ಪತ್ಮೂರಕ್ಕೆ ಇಳಿಯಿತು. ನಮ್ಮ ಕೆಮಿಸ್ಟ್ರಿಯ ಮಹಾಂತಯ್ಯ ಸರ್ ಬಹಳ ಬಿಗಿ ಮನುಷ್ಯ. ಹಾಜರಿ ಹಾಕಿಕೊಡಿ ಎಂದು ಕೇಳಿದರೆ ಬಾಗಿಲು ತೋರಿಸುವವರು. ನಾನು ಕೇಳಲಿಲ್ಲ. ಅವರೇ ಕರೆದು, ಎರಡನೇ ಬ್ಯಾಚಿನವರಿಗೆ ನಾಲ್ಕು ಶನಿವಾರ ಲ್ಯಾಬು ಇದೆ, ಬಂದು ಮಾಡು, ಮಾಡಿದ್ದಕ್ಕೆ ಹಾಜರಿ ಹಾಕುತ್ತೇನೆ ಎಂದರು. ಆ ನಾಲ್ಕು ಶನಿವಾರ ಅವರು ಸಿಂಧನೂರಿನ ತಮ್ಮ ಮನೆಗೆ ಹೋಗುವ ಬಸ್ಸನ್ನು ತಪ್ಪಿಸಿಕೊಂಡು ನನ್ನ ಪಕ್ಕ ನಿಂತಿದ್ದರು. ವರ್ಷದ ಕೊನೆಗೆ ಹಾಜರಿ ಎಂಬತ್ತು, ಅಂಕ ಎಂಬತ್ತೊಂದು. ಆ ಋಣವನ್ನು ನಾನು ಮರೆತಿಲ್ಲ.

ಜುಲೈಯಲ್ಲಿ ಅಂಕಪಟ್ಟಿ, ಹಾಜರಿಯ ಪತ್ರ ಹಿಡಿದುಕೊಂಡು ಮೆರವಣಿಗೆಯಲ್ಲಿ ಬರುವವಳಂತೆ ಅನ್ವರಿ ಬೇಗಂ ಅವರ ಅಂಗಡಿಗೆ ಹೋದೆ. ನವೀಕರಣಕ್ಕೆ ಹದಿನೈದು ದಿನ ಉಳಿದಿತ್ತು. ಅವರು ಅಂಕ ನೋಡಿ ಖುಷಿಪಟ್ಟರು, ಹಾಜರಿಯ ಪತ್ರ ಸ್ಕ್ಯಾನ್ ಮಾಡಿದರು. ಆಮೇಲೆ ದನಿ ತಗ್ಗಿಸಿ, ಅಪ್ಪನ ಮರಣ ಪತ್ರ ತಂದಿದ್ದೀಯೇನು ಎಂದು ಕೇಳಿದರು.

ಯಾರ ಅಪ್ಪನದು ಎಂದೆ. ನಿನ್ನಪ್ಪನದು ಎಂದರು. ಅವರು ಎದುರಿಗಿದ್ದ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಹೋದ ವರ್ಷ ನಾನು ಓದದೆ ಸಹಿ ಹಾಕಿದ ಫಾರ್ಮು ಅಲ್ಲಿತ್ತು. ತಂದೆಯ ಹೆಸರಿಗೆ ಮೊದಲು, ಇಂಗ್ಲಿಷಿನಲ್ಲಿ, ‘ಲೇಟ್’ ಎಂದಿತ್ತು.

ಆಮೇಲೆ ನಾನು ಆಡಿದ ಮಾತುಗಳನ್ನೆಲ್ಲ ಬರೆಯಲಾರೆ. ಚಹಾ ಕುಡಿಸಿ ನಮ್ಮಪ್ಪನನ್ನು ಕೊಂದಿರಿ ಎಂದೆ. ನಿನ್ನೆ ರಾತ್ರಿ ಫೋನು ಮಾಡಿ ಮಳೆಯ ಸುದ್ದಿ ಹೇಳಿದವನು ಯಾರು, ಅವನ ದೆವ್ವವೇ ಎಂದೆ. ಝೆರಾಕ್ಸಿಗೆ ಬಂದವರು ಕಾಗದ ಅಲ್ಲೇ ಬಿಟ್ಟು ನೋಡುತ್ತ ನಿಂತರು. ಅನ್ವರಿ ಬೇಗಂ, ನೀನೇ ಹೋಗ್ಯಾರ ಅಂದೆಯಲ್ಲ ಎಂದು ಮಾತ್ರ ಕೇಳಿದರು. ಹೌದು, ಹೈದರಾಬಾದಿಗೆ ಹೋಗ್ಯಾರ, ದುಡಿಯಲು ಹೋಗ್ಯಾರ ಎಂದು ಕೂಗಿದೆ. ಆಕೆ ಸ್ಟೂಲಿನ ಮೇಲೆ ಕುಳಿತರು.

“ನಮ್ಮ ಮನಿಯವ್ರು ಸಮೀಉಲ್ಲಾ ಅಂತ. ಅವ್ರಿಗಿ ಏನಾತು ಅಂತ ಯಾರ ಕೇಳಿದ್ರೂ ನಾನು ‘ಹೋಗ್ಯಾರ’ ಅಂತೀನಿ, ಬೇಟಿ. ಆರು ವರ್ಷ ಆತು. ಇನ್ನೊಂದು ಮಾತು ನನ್ನ ಬಾಯಾಗ ಬರಂಗಿಲ್ಲ. ನೀನೂ ಹಂಗ ಅಂದಿ ಅಂದ್ಕೊಂಡೆ.”

ನನ್ನ ಬಾಯಿ ಜೀವನದಲ್ಲಿ ಮೊದಲ ಸಲ ತಾನಾಗಿ ಮುಚ್ಚಿತು. ಆಕೆಯ ಅಂಗಡಿಯ ಗೋಡೆಯ ಮೇಲೆ ಆತನ ಫೋಟೋ ಇತ್ತು. ಅದನ್ನು ನಾನು ವರ್ಷವಿಡೀ ನೋಡಿದ್ದೆ, ಯಾರೆಂದು ಒಮ್ಮೆಯೂ ಕೇಳಿರಲಿಲ್ಲ. ನನಗೆ ನನ್ನ ಮೇಲೇ ನಾಚಿಕೆಯಾಯಿತು.

ನಿಧಿಯ ನಿಯಮವನ್ನು ಆಗ ಅವರು ಓದಿ ಹೇಳಿದರು. ಅದು ತಂದೆಯಿಲ್ಲದ ಹೆಣ್ಣುಮಕ್ಕಳಿಗೆ ಮಾತ್ರ. ಸುಳ್ಳು ಹೇಳಿ ಪಡೆದದ್ದು ಗೊತ್ತಾದರೆ ನೆರವು ನಿಲ್ಲುತ್ತದೆ, ಪಡೆದದ್ದನ್ನೂ ಹಿಂತಿರುಗಿಸಬೇಕು. ಒಂದು ಇಡೀ ವರ್ಷದ ಫೀ, ಹಾಸ್ಟೆಲ್ಲು, ಊಟ. ನಾನು ಬಸ್ಸು ಹತ್ತಿ ಊರಿಗೆ ಹೋದೆ.

ಅವ್ವ ಕೇಳಿದವಳೇ ಹಣೆ ಮುಟ್ಟಿ ನೋಡಿಕೊಂಡಳು, ಕುಂಕುಮ ಇದೆಯೋ ಇಲ್ಲವೋ ಎನ್ನುವಂತೆ. ಆಮೇಲೆ ಶುರುಮಾಡಿದಳು. ನನ್ನನ್ನು, ಇಂಗ್ಲಿಷನ್ನು, ಕಂಪ್ಯೂಟರನ್ನು, ಎಳ್ಳಮಾಸಿಗೆ ಬಂದು ಏನೂ ಆಗದವನಂತೆ ಉಂಡುಹೋದ ಅಪ್ಪನನ್ನು, ಎಲ್ಲರನ್ನೂ ಬೈದಳು. ಬೈದು ಮುಗಿದ ಮೇಲೆ ಬಾಗಿಲಲ್ಲಿ ಕುಳಿತು ಅತ್ತಳು. ಅವಳು ಅಳುವುದು ಕಂಡರೆ ನನಗೆ ಆಗುವುದಿಲ್ಲ.

ದೇವದುರ್ಗದಲ್ಲಿರುವ ನನ್ನ ಸೋದರಮಾವ ಶೇಖರ ಮರುದಿನ ಬಂದ. ಕೆಟ್ಟವನಲ್ಲ, ನನ್ನ ಪಿಯುಸಿಯ ಎರಡು ವರ್ಷ ಮಧ್ಯಾಹ್ನದ ಊಟ ಅವನ ಮನೆಯಲ್ಲೇ ಆಗುತ್ತಿತ್ತು. ಇದಕ್ಕೆಲ್ಲ ಯಾಕೆ ಅಳುತ್ತೀರಿ, ಮರಣ ಪತ್ರ ಅಂದರೆ ಒಂದು ಕಾಗದ, ಹಾಗೆ ಮಾಡಿಕೊಡುವವರು ನನಗೆ ಗೊತ್ತು ಎಂದ. ಹೇಗೂ ಒಂದು ವರ್ಷದಿಂದ ಸತ್ತೇ ಇದ್ದಾನೆ, ಇನ್ನೆರಡು ವರ್ಷ ಇರಲಿ, ಹುಡುಗಿಯ ಓದು ಮುಗಿಯಲಿ ಎಂದ. ಅವ್ವ ಅವನಿಗೆ ಚಹಾ ಕೊಡಲಿಲ್ಲ. ಆದರೆ ಬೇಡ ಎಂದೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ನಾಲ್ಕು ದಿನ ನಾನು ಆ ಕಾಗದದ ಬಗ್ಗೆಯೇ ಯೋಚಿಸಿದೆ. ಒಳ್ಳೆಯವಳೆನಿಸಿಕೊಳ್ಳಲು ಈಗ ಬೇರೆ ಹೇಳಿದರೆ ಸುಳ್ಳಾಗುತ್ತದೆ. ಹೊಲದಲ್ಲಿ ಕಳೆ ತೆಗೆಯುತ್ತ, ತಪ್ಪೇನಿದೆ, ನಾನೇನು ಬೇಕೆಂದು ಬರೆಸಿದೆನೇ, ಹಾಜರಿ ಉಳಿಸಿದೆ, ಅಂಕ ತೆಗೆದೆ, ನನ್ನ ಪಾಲಿನದೆಲ್ಲ ಮಾಡಿದ್ದೇನೆ ಎಂದು ಅಂದುಕೊಂಡೆ. ಐದನೇ ದಿನ ಶೇಖರ ಮಾವ ಫೋನು ಮಾಡಿ, ಹ್ಞೂಂ ಅನ್ನುತ್ತೀಯೋ ಇಲ್ಲವೋ ಎಂದ. ಅಪ್ಪನನ್ನು ಒಂದು ಮಾತು ಕೇಳುತ್ತೇನೆ ಎಂದೆ.

ಅಪ್ಪನ ಊಟದ ಬಿಡುವಿನಲ್ಲಿ, ಹೊಲದಲ್ಲೇ ನಿಂತು, ಫೋನು ಹಚ್ಚಿದೆ. ಎಲ್ಲವನ್ನೂ ಹೇಳಿದೆ. ಸಿಟ್ಟಾಗುತ್ತಾನೆ, ನಗುತ್ತಾನೆ, ಏನಾದರೂ ಒಂದು ಆಗುತ್ತಾನೆ ಎಂದುಕೊಂಡಿದ್ದೆ. ಅವನು ಸ್ವಲ್ಪ ಯೋಚಿಸಿ, ಬೀಜ ಯಾವುದು ಹಾಕೋಣ ಎಂದು ಕೇಳಿದಾಗ ಉತ್ತರಿಸುವ ದನಿಯಲ್ಲೇ ಹೇಳಿದ:

“ಕಾಗದದಾಗ ಸತ್ರ ಮೈ ನೋಯಂಗಿಲ್ಲವ್ವಾ. ಬರಸು. ನಾನು ಊರಿಗಿ ಬರೋದು ಕಡಿಮಿ ಮಾಡ್ತೀನಿ. ಯಾರ ಕಣ್ಣಿಗೂ ಬೀಳಂಗಿಲ್ಲ.”

ನನ್ನ ಕಣ್ಣಿಗೆ ಹೊಲ ಕಾಣಲಿಲ್ಲ. ಈ ಮನುಷ್ಯ ನನ್ನ ಫೀಗಾಗಿ ತನ್ನ ಊರಿಗೆ ಬರುವುದನ್ನೇ ಬಿಡಲು ಸಿದ್ಧನಾಗಿದ್ದ. ವರ್ಷಕ್ಕೆ ಒಂದೆರಡು ಸಲ ಬಂದು ನಾಲ್ಕು ದಿನ ಇರುತ್ತಿದ್ದ, ಅದನ್ನೂ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಸಿಟ್ಟು ಅವನ ಮೇಲೆ ಅಲ್ಲ. ಶೇಖರ ಮಾವನಿಗೆ ಬೇಡ ಎಂದು ಹೇಳಿ, ಅನ್ವರಿ ಬೇಗಂ ಅವರಿಗೆ ಫೋನು ಮಾಡಿ, ನಾಳೆ ಮಾನ್ವಿಗೆ ಹೋಗಿ ಇದ್ದದ್ದು ಹೇಳುತ್ತೇನೆ ಎಂದೆ. ಬರೆದದ್ದು ನನ್ನ ಕೈ, ನಾನೂ ಬರುತ್ತೇನೆ ಎಂದರು. ಅಡ್ಮಿಶನ್ನಿನ ಸುಗ್ಗಿಯ ಕಾಲದಲ್ಲಿ ಆಕೆ ಒಂದು ದಿನ ಅಂಗಡಿಗೆ ಬೀಗ ಹಾಕಿದರು.

ರಾಯಚೂರಿನಿಂದ ಮಾನ್ವಿಗೆ ಹೋಗುವಾಗ ಕಾಲುವೆಯ ನೀರಿನ ಗದ್ದೆಗಳು ಶುರುವಾಗುತ್ತವೆ. ನಾಟಿಗೆ ಮಡಿ ಮಾಡುತ್ತಿದ್ದರು. ನಮ್ಮ ಕಡೆಯ ಒಣ ಭೂಮಿ ನೋಡಿ ಬೆಳೆದ ನನಗೆ ಆ ನೀರು ಕಂಡರೆ ಯಾವಾಗಲೂ ಖುಷಿಯಾಗುತ್ತಿತ್ತು. ಅವತ್ತು ಏನೂ ಆಗಲಿಲ್ಲ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡೆ. ಅನ್ವರಿ ಬೇಗಂ ಇಡೀ ದಾರಿ ನನ್ನ ಕೈ ಹಿಡಿದುಕೊಂಡು ಕುಳಿತಿದ್ದರು.

ಗುಲಾಮ್ ದಸ್ತಗೀರ್ ಅವರ ಅಂಗಡಿಯಲ್ಲಿ ಅಕ್ಕಿಯ ಚೀಲಗಳು ಮಾಡಿನವರೆಗೆ ಇದ್ದವು. ಒಳಗೊಂದು ಮಂಚ, ಅದರ ಮೇಲೆ ಬಿಳಿ ಪೈಜಾಮ, ಟೋಪಿಯ ಮುದುಕ. ಎಪ್ಪತ್ತು ದಾಟಿರಬೇಕು. ಅನ್ವರಿ ಬೇಗಂ ತಮ್ಮ ಮಾತಿನಲ್ಲಿ ಮೊದಲು ಶುರುಮಾಡಿದರು. ದಖನಿ ಉರ್ದು ನನಗೆ ಅರ್ಧ ತಿಳಿಯುತ್ತದೆ, ತಪ್ಪೆಲ್ಲ ತಮ್ಮದೆಂದು ಹೇಳುತ್ತಿರುವುದು ಪೂರ್ತಿ ತಿಳಿಯಿತು. ನಾನು ನಡುವೆ ಬಾಯಿ ಹಾಕಿದೆ. ಓದದೆ ಸಹಿ ಹಾಕಿದವಳು ನಾನು, ನಮ್ಮಪ್ಪ ಹೈದರಾಬಾದಿನಲ್ಲಿ ಬದುಕಿದ್ದಾನೆ ಎಂದೆ. ಮರಣ ಪತ್ರ ಮಾಡಿಸುವ ಯೋಚನೆಯೂ ನಾಲ್ಕು ದಿನ ಇತ್ತು ಎಂದು ಅದನ್ನೂ ಹೇಳಿಬಿಟ್ಟೆ. ಅದನ್ನು ಹೇಳಬೇಕಾಗಿರಲಿಲ್ಲ, ಆದರೆ ನನ್ನ ಬಾಯಿ ನಿಮಗೆ ಗೊತ್ತಲ್ಲ.

ಅವರು ಎಲ್ಲವನ್ನೂ ಕೇಳಿದರು. ನಮ್ಮಲ್ಲಿ ತಂದೆಯಿಲ್ಲದ ಮಗುವಿಗೆ ಯತೀಮ್ ಎನ್ನುತ್ತಾರೆ ಎಂದರು. ನಾನೂ ಅಂಥವನೇ, ಏಳು ವರ್ಷಕ್ಕೆ ತಂದೆ ಹೋದರು, ಶಾಲೆ ಬಿಟ್ಟು ಇದೇ ಮಾನ್ವಿಯ ಅಂಗಡಿಗಳಲ್ಲಿ ಕಸ ಗುಡಿಸುತ್ತ ಬೆಳೆದೆ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

“ಇದು ನನ್ನ ರೊಕ್ಕ ಅಲ್ಲವ್ವಾ. ಯತೀಮ್ ಮಕ್ಕಳದು. ನೀನು ಎಷ್ಟು ಶಾಣ್ಯಾಕಿ ಇದ್ರೂ ಅವ್ರ ಪಾಲು ನಿನಗ ಕೊಡಾಕ ನನಗ ಹಕ್ಕಿಲ್ಲ.”

ಗೊತ್ತಿದ್ದ ಮಾತೇ. ಆದರೂ ಒಳಗೆ ಎಲ್ಲೋ ಆಸೆ ಇಟ್ಟುಕೊಂಡಿದ್ದೆನೆಂದು ಅದು ಮುರಿದಾಗಲೇ ತಿಳಿದದ್ದು. ಆಗಲಿ ಎಂದು ತಲೆಯಾಡಿಸಿದೆ. ಅವರು, ನಿಮ್ಮಪ್ಪನಿಗೆ ಫೋನು ಹಚ್ಚು, ನಾನು ಮಾತಾಡಬೇಕು ಎಂದರು. ಸುಳ್ಳೋ ನಿಜವೋ ನೋಡಲೆಂದು ಕೇಳುತ್ತಿದ್ದಾರೆಂದುಕೊಂಡು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಮಂಚದ ಮೇಲಿಟ್ಟೆ. ಆ ಕಡೆ ಕಾಂಕ್ರೀಟ್ ಕಲಸುವ ಯಂತ್ರದ ಸದ್ದು. ಗುಲಾಮ್ ದಸ್ತಗೀರ್ ತಾನು ಯಾರೆಂದು ಹೇಳಿದ್ದೇ ತಡ, ಅಪ್ಪ ಅವರಿಗೆ ಮುಂದೆ ಮಾತಾಡಲು ಬಿಡಲಿಲ್ಲ.

“ಸಾಹೇಬ್ರ, ಹುಡುಗೀದು ತಪ್ಪಿಲ್ರಿ. ನಾನು ಬದುಕಿರೋದರಿಂದ ಆಗಿದ್ದಿದು. ಮಾಫ್ ಮಾಡ್ರಿ. ಆಕೀದು ಓದು ಒಂದು ನಿಲ್ಲಿಸಬ್ಯಾಡ್ರಿ.”

ಮುದುಕ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಬದುಕಿರೋದಕ್ಕ ಯಾರಾದ್ರೂ ಮಾಫಿ ಕೇಳ್ತಾರೇನ್ರಿ, ರಾಮಲಿಂಗಪ್ಪ? ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡಾಕತ್ತೀನಿ. ನನ್ನ ಹುಡುಗ್ಯಾರ ಪೈಕಿ ಒಬ್ಬಾಕಿ ಅಪ್ಪ ತಿರುಗಿ ಬಂದಿದ್ದು ಇದೇ ಮೊದಲು. ನನಗ ಎಷ್ಟು ಖುಷಿ ಆಗ್ಯಾದ ಅಂತ ನಿಮಗ ಹೆಂಗ ಹೇಳ್ಲಿ?”

ಅನ್ವರಿ ಬೇಗಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನಂತೂ ಅವರಿಬ್ಬರ ಮುಂದೆ ಜೋರಾಗಿ ಅತ್ತೆ. ಆ ಕಡೆ ಅಪ್ಪ ಫೋನು ಇಡದೆ ಹಾಗೇ ಇದ್ದ.

ಗುಲಾಮ್ ದಸ್ತಗೀರ್ ಆಮೇಲೆ ವ್ಯವಹಾರಕ್ಕೆ ಬಂದರು. ಅದರಲ್ಲಿ ಅವರು ಗಟ್ಟಿ. ಕಳೆದ ವರ್ಷದ್ದನ್ನು ಅವರು ತಮ್ಮ ಮನೆಯ ದುಡ್ಡಿನಿಂದ ನಿಧಿಗೆ ತುಂಬುತ್ತಾರೆ. ಒಳ್ಳೆಯ ಸುದ್ದಿ ಬಂದಾಗ ಸಿಹಿ ಹಂಚುವುದಿಲ್ಲವೇ, ಹಾಗೆಂದುಕೋ ಎಂದರು. ನನ್ನ ಜಾಗ ಪಟ್ಟಿಯಲ್ಲಿ ಮುಂದಿನವಳಾದ ಮಿನಾಜ್ ಎಂಬ ಹುಡುಗಿಗೆ ಹೋಗುತ್ತದೆ. ಸರಕಾರದ ಸ್ಕಾಲರ್‌ಶಿಪ್ಪಿಗೆ ಇನ್ನೂ ಸಮಯ ಇದೆಯೇ ಎಂದು ಅನ್ವರಿ ಬೇಗಂ ಅವರನ್ನು ಕೇಳಿದರು. ಇದೆ, ಹುಡುಗಿಯ ತಂದೆ ಬಂದು ಆದಾಯದ ಪತ್ರ ಮಾಡಿಸಿಕೊಟ್ಟರೆ ನಾಳೆಯೇ ಹಾಕುತ್ತೇನೆ, ಉಳಿದ ಖರ್ಚಿಗೆ ಸಂಜೆ ನನ್ನ ಅಂಗಡಿಯಲ್ಲಿ ಅರ್ಜಿ ತುಂಬಲಿ, ಸಂಬಳ ಕೊಡುತ್ತೇನೆ, ಇಂಗ್ಲಿಷನ್ನು ಓದಿದ ಮೇಲೆ ಸಹಿ ಮಾಡಿಸುವವರು ನನಗೂ ಬೇಕು ಎಂದರು. ಮುಂದಿನ ಎರಡು ವರ್ಷ ನಾನು ಓದಿದ್ದು ಹಾಗೆಯೇ. ಇಕ್ಕಟ್ಟಾಯಿತು, ಒಂದೊಂದು ತಿಂಗಳು ಮೆಸ್ಸಿನವರ ಕಣ್ಣು ತಪ್ಪಿಸಿ ಓಡಾಡಿದ್ದೂ ಉಂಟು. ಆದರೆ ಓದು ನಿಲ್ಲಲಿಲ್ಲ. ಈಗ ಸಿರವಾರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಿನಾಜ್ ರಾಯಚೂರಿನಲ್ಲಿ ಅದೇ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ, ನನ್ನ ಹಳೆಯ ನೋಟ್ಸುಗಳು ಅಚ್ಚುಕಟ್ಟಾಗಿರಲಿಲ್ಲ ಎಂದು ಇನ್ನೂ ಬೈಯುತ್ತಾಳೆ.

ಆ ದಿನ ಒಂದು ಕೆಲಸ ಉಳಿದಿತ್ತು. ನೆರವು ಬಿಡುತ್ತಿದ್ದೇನೆಂದು ನಾನು ಕಾರಣ ಸಮೇತ ಬರೆದುಕೊಡಬೇಕಿತ್ತು. ನಿನಗೆ ತಿಳಿಯುವ ಭಾಷೆಯಲ್ಲೇ ಬರಿ ಎಂದು ಗುಲಾಮ್ ದಸ್ತಗೀರ್ ಬಿಳಿ ಹಾಳೆಯೊಂದನ್ನು ಮುಂದಿಟ್ಟರು. ಅಕ್ಕಿಯ ಚೀಲದ ಮೇಲೆ ಹಾಳೆ ಇಟ್ಟುಕೊಂಡು ಬರೆದೆ. ಅರ್ಹತೆ ಗಳಿಸಲು ಹಿಂದೆ ಎಷ್ಟೋ ಅರ್ಜಿ ಬರೆದಿದ್ದೆ. ಅನರ್ಹಳೆಂದು ಬರೆಯುವಾಗ ಇಷ್ಟು ಸಂತೋಷವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಬರೆದು ಅವರ ಕೈಗೆ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. ಫೋನಿನ ಕಡೆ ಕೈ ತೋರಿಸಿ, ಅಪ್ಪ ಇನ್ನೂ ಇದ್ದಾರೆ, ಅವರಿಗೆ ಓದಿ ಹೇಳು ಎಂದರು.

ಓದಿದೆ. “ನನ್ನ ತಂದೆಯವರಾದ ಶ್ರೀ ರಾಮಲಿಂಗಪ್ಪನವರು ಬದುಕಿದ್ದಾರೆ. ಆದ್ದರಿಂದ ನಾನು ಈ ನೆರವಿಗೆ ಅರ್ಹಳಲ್ಲ. ಇದುವರೆಗೆ ಕೊಟ್ಟದ್ದಕ್ಕೆ ಋಣಿಯಾಗಿದ್ದೇನೆ. ಮೌನೇಶ್ವರಿ, ತಂದೆ ರಾಮಲಿಂಗಪ್ಪ, ಜಾಲಹಳ್ಳಿ.”

ಆ ಕಡೆ ಯಾರೋ ಯಂತ್ರ ನಿಲ್ಲಿಸಿದರು.

“ಇನ್ನೊಂದ್ ಸಲ ಓದವ್ವಾ,” ಎಂದ ಅಪ್ಪ.

ಮೊದಲಿನಿಂದ ಓದಿದೆ.